ಬೆನ್ನು ಬಿಸಿಯಾಗದ ಫ್ರಿಜ್

ನಮ್ಮ ಹಳೆಯ ಫ್ರಿಜ್ ಕೆಟ್ಟಿದೆಯೆಂದು ಮೊದಲು ಗೊತ್ತಾದದ್ದು ಹಾಲಿನಿಂದಲ್ಲ, ಕಾಲುಚೀಲದಿಂದ.

ಜೂನ್ ಕೊನೆಯ ಒಂದು ಬೆಳಿಗ್ಗೆ ನಾನು ಕಾಲೇಜಿನ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಅತ್ತೆ ಅಡುಗೆಮನೆಯಿಂದ ಬಂದು ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಆ ಪತ್ರಿಕೆಗಳ ಮೇಲೆಯೇ ಇಟ್ಟಳು.

"ಮುಟ್ಟಿ ನೋಡು."

ಮುಟ್ಟಿದೆ. ಒದ್ದೆಯಾಗಿತ್ತು.

"ನಿನ್ನೆ ಹಾಕಿದ್ದು. ಹಾಗೇ ಇದೆ. ಫ್ರಿಜ್ ಹೋಯ್ತು ಮಾರಾಯ್ತಿ."

ಒಳಗಿನ ಹಾಲು ಆಗಿನ್ನೂ ಚೆನ್ನಾಗಿಯೇ ಇತ್ತು. ಅದು ಒಡೆದದ್ದು ಸಂಜೆಗೆ. ಅಷ್ಟರಲ್ಲಿ ಅತ್ತೆ ಫ್ರಿಜ್ಜಿನ ಮರಣವಾರ್ತೆಯನ್ನು ಎದುರು ಮನೆಗೂ ಮುಟ್ಟಿಸಿ ಬಂದಿದ್ದಳು.

ಬಯಲುಸೀಮೆಯವರು ಇದನ್ನು ಓದುತ್ತಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಏನನ್ನಾದರೂ ತಣ್ಣಗಿಡಲು ಯಂತ್ರ ಬೇಕು ಎಂದರೆ ನಗು ಬರುತ್ತದೆ. ಉಪ್ಪು ನೀರಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಕಳಚಿ ಬೀಳುತ್ತದೆ. ಚಪ್ಪಲಿಗೆ ಬೂಷ್ಟು ಬರುತ್ತದೆ, ಬೀರುವಿನ ರೇಷ್ಮೆ ಸೀರೆಗೆ ಹಳೆಯ ಪುಸ್ತಕದ ವಾಸನೆ ಬರುತ್ತದೆ. ಇಲ್ಲಿ ಬೇಕಾಗಿರುವುದು ಬಿಸಿ. ಹಳೆಯ ಕಾಲದ ಫ್ರಿಜ್ಜುಗಳ ಬೆನ್ನಿಗೆ ಕಪ್ಪು ಕಂಬಿಗಳ ಒಂದು ಜಾಲರಿ ಇರುತ್ತಿತ್ತು, ನಿಮಗೆ ನೆನಪಿರಬಹುದು. ಒಳಗಿನ ಬಿಸಿಯನ್ನೆಲ್ಲ ಅದು ಹೊರಗೆ ದೂಡುತ್ತಿತ್ತು. ಬೇರೆ ಊರುಗಳಲ್ಲಿ ಆ ಜಾಲರಿ ಗೋಡೆಗೆ ಮುಖ ಮಾಡಿಕೊಂಡು ಧೂಳು ತಿನ್ನುತ್ತದೆ. ನಮ್ಮ ಮನೆಯಲ್ಲಿ ಫ್ರಿಜ್ಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ನಿಲ್ಲಿಸಿದ್ದೆವು. ಆ ಒಂದು ಮೊಳದ ಓಣಿಯೇ ನಮ್ಮ ಸಂಸಾರದ ಮುಖ್ಯ ಜಾಗ. ಕಂಬಿಗಳ ಮೇಲೆ ಕಾಲುಚೀಲ, ಕರ್ಚೀಫು, ಬನಿಯನ್ನು. ನೆತ್ತಿಯ ಮೇಲೆ ಬೆಂಕಿಪೊಟ್ಟಣ, ಉಪ್ಪಿನ ಡಬ್ಬಿ, ಹಪ್ಪಳ ಮತ್ತು ನನ್ನ ಡೈರಿ. ಕೆಳಗೆ ಒಂದು ಕುಳ್ಳ ಸ್ಟೂಲು, ಅದರ ಮೇಲೆ ನೋಯುವ ಮೊಣಕಾಲನ್ನು ಕಂಬಿಗೆ ತಾಗಿಸಿಕೊಂಡು ಕೂತ ಅತ್ತೆ. ಫ್ರಿಜ್ಜಿನ ಒಳಗೆ ಏನಿತ್ತು ಎಂದು ಕೇಳಿದರೆ ನಾನು ಯೋಚಿಸಿ ಹೇಳಬೇಕು.

ಅತ್ತೆ ಎಂದರೆ ಯಾರೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಆರು ವರ್ಷದಿಂದ ಅದೊಂದು ಗೊಂದಲ. ಅವಳು ನನ್ನ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅಷ್ಟು ಹೊತ್ತಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆ ನನ್ನನ್ನು ಎತ್ತಿಕೊಂಡವಳು ಮತ್ತೆ ಇಳಿಸಲಿಲ್ಲ. ಕನ್ನಡವು ಈ ಎರಡು ಸಂಬಂಧಕ್ಕೂ ಒಂದೇ ಮಾತು ಇಟ್ಟುಕೊಂಡಿರುವುದರಿಂದ, ನಾನು "ಅತ್ತೇ" ಎಂದು ಕೂಗಿದ್ದನ್ನು ಕೇಳಿದ ಬೀದಿಯೆಲ್ಲ ಅವಳನ್ನು ನನ್ನ ಗಂಡನ ತಾಯಿ ಎಂದೇ ತಿಳಿದಿತ್ತು. ಎದುರು ಮನೆಯ ಟೀಚರಮ್ಮ ಒಮ್ಮೆ ನನ್ನೆದುರೇ ಅತ್ತೆಯನ್ನು ಕೇಳಿದರು:

"ಅಲ್ಲ, ಸೊಸೆ ನಿಮ್ಮನ್ನ ನೀನು ತಾನು ಅಂತಾಳಲ್ಲ, ನೀವು ಸುಮ್ನಿರ್ತೀರಾ?"

"ಎಂತ ಮಾಡೂದು ಟೀಚರೇ," ಎಂದಳು ಅತ್ತೆ. "ಸೊಸೆ ಬಾಯಿ ಜೋರು."

ತಮ್ಮನ ಮಗಳೂ ಸೊಸೆಯೇ ಆದ್ದರಿಂದ ಅವಳು ಹೇಳಿದ್ದು ಸುಳ್ಳೂ ಅಲ್ಲ. ತಮಾಷೆಗೆ ಹಾಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ನನಗೆ ಅನೇಕ ವಿಷಯಗಳು ತಡವಾಗಿ ಅರ್ಥವಾಗುತ್ತವೆ.

ಅತ್ತೆ ನಮ್ಮ ಜೊತೆ ಬಂದದ್ದು ಹೀಗೆ. ನನ್ನ ಮದುವೆಯ ಹೊತ್ತಿಗೆ ಅಪ್ಪ ಇರಲಿಲ್ಲ. ಕಳಸದ ಮನೆ, ಅಂಗಡಿ ಎರಡೂ ಚಿಕ್ಕಪ್ಪನ ಕೈಗೆ ಬಂದಿದ್ದವು. ಹಳೆಯ ಫ್ರಿಜ್ಜನ್ನು ನೀವು ಬೇಕಾದರೆ ಮೂಡಿಗೆರೆಗೆ ಒಯ್ಯಿರಿ ಎಂದರು ಚಿಕ್ಕಪ್ಪ. ಅತ್ತೆಯನ್ನು ಕರೆದುಕೊಂಡು ಹೋಗಬೇಕು ಎಂದು ನನಗಿತ್ತು. ಆದರೆ ತಮ್ಮನ ಮಗಳ ಗಂಡನ ಮನೆಯಲ್ಲಿ ಹೋಗಿ ಇರುವುದು ಎಂದರೆ ನಮ್ಮವರಲ್ಲಿ ಅದಕ್ಕೊಂದು ಕಾರಣ ಬೇಕು. ಬಾಣಂತನವಾದರೂ ಇರಬೇಕು. ನನ್ನ ಗಂಡ ಗಿರೀಶನೇ ಕಾರಣ ಹುಡುಕಿದ.

"ಈ ಫ್ರಿಜ್ ಓಡಿಸೂದು ನಮಗೆ ಗೊತ್ತಿಲ್ಲ ಅತ್ತೆ. ಒಂದು ಮಳೆಗಾಲ ನೀವೇ ಬಂದು ತೋರಿಸಿಕೊಡಿ."

ಅತ್ತೆ ಕಳಸದ ಬೀದಿಗೆಲ್ಲ ಹೇಳಿದಳು, ಮಕ್ಕಳಿಗೆ ಫ್ರಿಜ್ ಓಡಿಸಲು ಬರುವುದಿಲ್ಲವಂತೆ, ಒಂದು ಮಳೆಗಾಲ ಇದ್ದು ಬರುತ್ತೇನೆ ಎಂದು. ಪಿಕಪ್ಪಿನ ಹಿಂದೆ ಫ್ರಿಜ್, ಮುಂದೆ ಅತ್ತೆ. ಪ್ರತಿ ವರ್ಷ ಮಳೆ ಹಿಂದಾದಾಗ ಅವಳು ಒಮ್ಮೆ "ಇನ್ನು ಹೊರಡ್ಬೇಕು" ಎನ್ನುವುದು, ಗಿರೀಶ "ಇನ್ನೊಂದು ಮಳೆಗಾಲ ನೋಡ್ಕೊಂಡು" ಎನ್ನುವುದು, ಅಲ್ಲಿಗೆ ಆ ಮಾತು ಮುಗಿಯುವುದು. ಹೀಗೆ ಆರು ಮಳೆಗಾಲ.

ಗಿರೀಶ ಕಾಫಿ ಎಸ್ಟೇಟಿನಲ್ಲಿ ರೈಟರು. ಅಂದರೆ ಎಸ್ಟೇಟಿನ ಕೆಲಸದವರ ಹಾಜರಿ ಬರೆಯುವವನು. ಹನ್ನೆರಡನೇ ವಯಸ್ಸಿನಿಂದ ದಿನವೂ ಡೈರಿ ಬರೆಯುತ್ತಿರುವವಳು ನಾನು, ರೈಟರ್ ಎಂಬ ಹೆಸರು ಅವನಿಗೆ. ಒಂದು ವ್ಯತ್ಯಾಸವೆಂದರೆ ಅವನು ಬರೆದದ್ದನ್ನು ಜನ ನಂಬುತ್ತಾರೆ. ನಾನು ಬರೆದದ್ದನ್ನು ನಾನೇ ನಂಬುವುದಿಲ್ಲ.

ಉದಾಹರಣೆಗೆ ಆ ಹಳೆಯ ಫ್ರಿಜ್ ಬಂದ ದಿನ. ಕುದುರೆಮುಖದಲ್ಲಿ ಗಣಿ ನಿಂತು, ಕಾಲೊನಿಯವರು ಸಾಮಾನು ಮಾರಿ ಮನೆ ಖಾಲಿ ಮಾಡುತ್ತಿದ್ದ ಕಾಲ. ಅಂಗಡಿಯಲ್ಲಿ ಕೂಲ್‌ಡ್ರಿಂಕ್ಸ್ ಇಡೋಣವೆಂದು ಅಪ್ಪ ಜೀಪು ಮಾಡಿಕೊಂಡು ಹೋಗಿ ಅದನ್ನು ತಂದರು. ಕಳಸದ ಮಳೆಯಲ್ಲಿ ಕೂಲ್‌ಡ್ರಿಂಕ್ಸ್ ಯಾರು ಕುಡಿಯುತ್ತಾರೆ ಎಂದು ಅಪ್ಪನಿಗೆ ಹೊಳೆಯುವ ಮೊದಲೇ ಅತ್ತೆ ಅದನ್ನು ಅಡುಗೆಮನೆಗೆ ಸೇರಿಸಿದ್ದಳು. ಜೀಪಿನಿಂದ ಇಳಿಸುವಾಗ ಅದರ ಬಾಗಿಲು ತೆರೆದುಕೊಂಡದ್ದು, ಬಾಗಿಲಿನ ಒಳಗೆ ಮೊಟ್ಟೆ ಇಡುವ ಗುಳಿಗಳ ಸಾಲಿನಲ್ಲಿ ಒಂದೇ ಒಂದು ನಿಂಬೆಹಣ್ಣು ಇದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಬಿಟ್ಟುಹೋದವರ ಮನೆಯ ಕೊನೆಯ ನಿಂಬೆಹಣ್ಣು. ಆದರೆ ಆ ದಿನದ ಡೈರಿಯಲ್ಲಿ ಇರುವುದು ಎರಡೇ ಸಾಲು: "ಇವತ್ತು ಫ್ರಿಜ್ ಬಂತು. ಸಮಾಜದಲ್ಲಿ ಹದಿನೆಂಟು." ಹದಿನೆಂಟು ಎಂದರೆ ಅಂಕ. ನಿಂಬೆಹಣ್ಣಿನ ಸುಳಿವೇ ಇಲ್ಲ.

ಈಗ ನಾನು ಪದವಿ ತರಗತಿಗಳಿಗೆ ಇತಿಹಾಸ ಹೇಳಿಕೊಡುತ್ತೇನೆ. ನೆನಪು ಒಂದು ಹೇಳಿ ದಾಖಲೆ ಇನ್ನೊಂದು ಹೇಳಿದರೆ ಏನು ಮಾಡಬೇಕು ಎಂಬ ಪಾಠಕ್ಕೆ ಈ ನಿಂಬೆಹಣ್ಣನ್ನೇ ಉದಾಹರಣೆಯಾಗಿ ಬಳಸುತ್ತೇನೆ. ನಮ್ಮದು ವಿಭೂತಿ ಧರಿಸುವ ಮನೆ, ಮೊಟ್ಟೆ ತರುವುದಿಲ್ಲ. ಆ ಗುಳಿಗಳು ಖಾಲಿ ಉಳಿಯಬಾರದೆಂದು ಅತ್ತೆ ಮುಂದೆ ಅವುಗಳಲ್ಲಿ ನಿಂಬೆಹಣ್ಣು ಇಡುತ್ತಿದ್ದಳು. ವರ್ಷಗಟ್ಟಲೆ ಕಂಡ ಆ ನಿಂಬೆಹಣ್ಣುಗಳಲ್ಲೊಂದು ನನ್ನ ತಲೆಯೊಳಗೆ ಹಿಂದಕ್ಕೆ ಉರುಳಿಕೊಂಡು ಹೋಗಿ ಮೊದಲ ದಿನಕ್ಕೆ ಸೇರಿಕೊಂಡಿದೆ, ನೋಡಿ ಮಕ್ಕಳೇ, ನೆನಪು ಹೀಗೆ ಮೋಸ ಮಾಡುತ್ತದೆ ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಹೊಸ ಫ್ರಿಜ್ ತರಲು ಮೂವರೂ ಚಿಕ್ಕಮಗಳೂರಿಗೆ ಹೋದೆವು. ಅಂಗಡಿಯಲ್ಲಿ ಟೈ ಕಟ್ಟಿಕೊಂಡ ಒಬ್ಬರು ಒಂದೊಂದೇ ಬಾಗಿಲು ತೆಗೆದು ತೋರಿಸುತ್ತಿದ್ದರು.

"ಇದರಲ್ಲಿ ಐಸ್ ಕಟ್ಟಲ್ಲ ಅಮ್ಮ. ಆಫ್ ಮಾಡಿ ಕ್ಲೀನ್ ಮಾಡೋ ತಾಪತ್ರಯನೇ ಇಲ್ಲ."

ಅತ್ತೆಗೆ ಇದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಹಳೆಯ ಫ್ರಿಜ್ಜನ್ನು ಅವಳು ಪ್ರತಿ ಅಮಾವಾಸ್ಯೆಗೆ ಬಂದ್ ಮಾಡಿ, ಐಸು ಕರಗಿಸಿ, ಒರೆಸಿ, ಬಾಗಿಲಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಮತ್ತೆ ಶುರು ಮಾಡುತ್ತಿದ್ದಳು. ಅಮಾವಾಸ್ಯೆ ಅವಳಿಗೂ ಒಪ್ಪತ್ತು, ಅದಕ್ಕೂ ಒಪ್ಪತ್ತು.

"ಬೆನ್ನು ತೋರ್ಸಿ," ಎಂದಳು.

ಅವರು ಫ್ರಿಜ್ಜನ್ನು ತಿರುಗಿಸಿದರು. ಕಂಬಿಯಿಲ್ಲ, ಜಾಲರಿಯಿಲ್ಲ. ಚಪ್ಪಟೆಯಾದ ಬಿಳಿ ತಗಡು.

"ಬಿಸಿಯಾಗ್ತದಾ ಇದು?"

"ಒಂಚೂರೂ ಇಲ್ಲ. ಮುಟ್ಟಿ ನೋಡಿ, ಆನ್ ಆಗೇ ಇದೆ. ನಿಮ್ಮ ಗೋಡೆ ಪೇಂಟು ಹಾಳಾಗಲ್ಲ."

"ಬಿಸಿಯಾಗೂದು ಇದ್ರೆ ತೋರ್ಸಿ."

ಅವರು ನನ್ನ ಮುಖ ನೋಡಿದರು. ನಾನು ವಾಷಿಂಗ್ ಮಷೀನುಗಳ ಕಡೆ ನೋಡಿದೆ. ಗಿರೀಶ ಮೆಲ್ಲಗೆ, "ಅತ್ತೆ, ಒಂದು ಹೀಟರೇ ತಗೊಂಡು ಬಿಡೋಣ," ಎಂದ.

"ಹೀಟರು ಬೇಡಪ್ಪ. ಅದು ಬಿಸಿ ಮಾಡೋಕೇ ಅಂತ ಇರೂದು, ಎದುರಿಗೆ ಕೂತ್ರೆ ನಮಗೋಸ್ಕರ ಕರೆಂಟು ಉರೀತಾ ಇದೆ ಅನ್ನಿಸ್ತದೆ. ಇದು ಹಾಗಲ್ಲ. ತನ್ನ ಕೆಲಸ ತಾನು ಮಾಡ್ಕೊಂಡು, ಮಿಕ್ಕಿದ್ದು ನಮಗೆ ಕೊಡ್ತಿತ್ತು."

ಕೊನೆಗೆ ನೀಲಿ ಬಣ್ಣದ್ದೊಂದನ್ನು ಆರಿಸಿದೆವು. ಅತ್ತೆ ಬೇಡ ಎನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ, "ನಿಮಗೆ ಬೇಕಾದ್ದು ನೀವು ತಗೊಳ್ಳಿ," ಎಂದು ಮಾತ್ರ ಹೇಳಿದಳು. ನಿಮಗೆ, ನೀವು. ಆರು ವರ್ಷದಲ್ಲಿ ಅವಳು ಅಡುಗೆಮನೆಯ ವಿಷಯದಲ್ಲಿ ಆ ಮಾತುಗಳನ್ನು ಬಳಸಿದ್ದನ್ನು ನಾನು ಕೇಳಿರಲಿಲ್ಲ. ಕೇಳಿಯೂ ಇರಬಹುದು. ನನ್ನ ನೆನಪಿನ ಸಂಗತಿ ಹೇಳಿದ್ದೇನಲ್ಲ.

ಹೊಸದನ್ನು ತರುವ ಗಾಡಿಯೇ ಎಕ್ಸ್‌ಚೇಂಜಿಗೆ ಹಳೆಯದನ್ನು ಒಯ್ಯುವುದಿತ್ತು. ಆ ಬೆಳಿಗ್ಗೆ ನಾನೂ ಅತ್ತೆಯೂ ಅದನ್ನು ಖಾಲಿ ಮಾಡಿದೆವು. ಮೊಟ್ಟೆಯ ಗುಳಿಗಳಿಂದ ಎರಡು ನಿಂಬೆಹಣ್ಣು ತೆಗೆದಾಗ ನಾನು ನನ್ನ ಪಾಠದ ಕತೆ ಹೇಳಿದೆ. ಇದು ಬಂದ ದಿನ ಒಳಗೆ ನಿಂಬೆಹಣ್ಣು ಇತ್ತೆಂದು ನನಗೆ ಸುಳ್ಳು ನೆನಪಿದೆ ಎಂದೆ. ಅತ್ತೆ ಬಟ್ಟೆ ಹಿಡಿದ ಕೈ ನಿಲ್ಲಿಸಿ ನಕ್ಕಳು.

"ಸುಳ್ಳು ನಿಂದಲ್ಲ, ನಂದು. ಅದು ಮೊಟ್ಟೆ."

"ಎಂತದು?"

"ಮೊಟ್ಟೆ ಕಣೇ. ಅವರು ಮರೆತು ಬಿಟ್ಟಿದ್ರು. ಬಾಗ್ಲು ತೆರ್ಕೊಂಡಾಗ ನೀನು 'ಅತ್ತೆ, ಅದೆಂತದು' ಅಂತ ಬೀದಿಗೆಲ್ಲ ಕೇಳೂ ಹಾಗೆ ಕೂಗಿದಿ. ಅಜ್ಜಿ ಜಗಲಿ ಮೇಲೆ ಕೂತಿತ್ತು. ನಿಂಬೆಹಣ್ಣು, ಸುಮ್ನಿರು ಅಂದೆ."

"ನಾನು ನಂಬಿದ್ನಾ?"

"ಬಿಳೀ ಇದೆಯಲ್ಲ ಅಂದಿ. ಫ್ರಿಜ್ಜಲ್ಲಿಟ್ರೆ ಬಣ್ಣ ಹೋಗ್ತದೆ ಅಂದೆ."

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಹಿತ್ತಲಿನ ಬಾಳೆಯ ಬುಡದಲ್ಲಿ ಹೂತಳಂತೆ. ಆಮೇಲೆ ಅರಿಶಿನದ ನೀರಿನಲ್ಲಿ ಒಳಗೆಲ್ಲ ಒರೆಸಿ, ವಿಭೂತಿ ಎಳೆದು, ಅಜ್ಜಿಯನ್ನು ಕರೆದು ತೋರಿಸಿದಳಂತೆ. ನನ್ನ ನೆನಪು ಅಷ್ಟು ವರ್ಷವೂ ಅವಳ ಮಾತಿಗೆ ತಕ್ಕಂತೆ ಆ ಮೊಟ್ಟೆಗೆ ಹಳದಿ ಬಣ್ಣ ಬಳಿಯುತ್ತ ಕೂತಿತ್ತು. ಮುಂದಿನ ವರ್ಷ ಆ ಪಾಠವನ್ನು ಹೇಗೆ ಮಾಡಬೇಕೋ ತಿಳಿಯದು.

"ಯಾಕೆ ಸುಳ್ಳು ಹೇಳ್ದೆ?"

"ಮೊಟ್ಟೆ ಕಂಡಿದ್ರೆ ಅಜ್ಜಿ ಜೀಪನ್ನ ಅಲ್ಲಿಂದ್ಲೇ ತಿರುಗಿಸ್ತಿತ್ತು. ನನಗೆ ಅದರ ಬೆನ್ನು ಬೇಕಿತ್ತು. ಡಾಕ್ಟ್ರ ಮನೇಲಿ ಫ್ರಿಜ್ಜಿನ ಹಿಂದೆ ಬಟ್ಟೆ ಒಣಗಿಸೂದು ನೋಡಿದ್ದೆ. ಆ ವರ್ಷ ನೀನು ಒದ್ದೆ ಕಾಲುಚೀಲ ಹಾಕ್ಕೊಂಡು ಹೋಗಿ ಹೋಗಿ ಕಾಲ್ಬೆರಳ ಸಂದಿ ಎಲ್ಲ ಹುಣ್ಣಾಗಿ, ಶೂ ಹಾಕುವಾಗ ಅಳ್ತಿದ್ದಿ. ನೆನಪಿಲ್ವಾ?"

ನೆನಪಿಲ್ಲ. ಡೈರಿಯಲ್ಲೂ ಇಲ್ಲ. ಆಮೇಲೆ ಹುಡುಕಿ ನೋಡಿದೆ.

ಗಾಡಿಯವರು ಹಳೆಯದನ್ನು ಹೊರಗೆ ಒಯ್ಯುವಾಗ ಅತ್ತೆ ಬಾಗಿಲಲ್ಲಿ ನಿಂತು, "ಎಕ್ಸ್‌ಚೇಂಜಿಗೆ ನನ್ನನ್ನೂ ಕೊಟ್ಬಿಡಿ, ಎರಡೂ ಒಟ್ಟಿಗೆ ಬಂದದ್ದು," ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಹೊಸ ಫ್ರಿಜ್ಜಿನ ಬೆನ್ನಿಗೆ ಕೆಲಸವಿಲ್ಲದ ಮೇಲೆ ಹಿಂದೆ ಓಣಿ ಏಕೆ ಎಂದು ನಾನೂ ಗಿರೀಶನೂ ಅದನ್ನು ಮೂಲೆಗೆ ಒತ್ತಿ ನಿಲ್ಲಿಸಿದೆವು. ಎಡಕ್ಕೆ ಗೋಡೆ, ಬಲಕ್ಕೆ ಅಂಟಿಕೊಂಡಂತೆ ಡಬ್ಬಿ ಸ್ಟ್ಯಾಂಡು. ಅಡುಗೆಮನೆ ಎಷ್ಟು ದೊಡ್ಡದಾಯಿತು ಎಂದು ಸಂತೋಷಪಟ್ಟೆವು. ಕುಳ್ಳ ಸ್ಟೂಲು ಮೇಜಿನ ಕೆಳಗೆ ಹೋಯಿತು. ಬಾಗಿಲು ತುಸು ಹೆಚ್ಚು ಹೊತ್ತು ತೆರೆದಿಟ್ಟರೆ ಹೊಸ ಫ್ರಿಜ್ ಕುಂಯ್ ಕುಂಯ್ ಎನ್ನುತ್ತಿತ್ತು. "ಬಾಯಿ ಮುಚ್ಚು ಮಾರಾಯ, ಹಾಲು ತಗೊಳ್ಳೂದು ಬೇಡ್ವಾ?" ಎಂದು ಅತ್ತೆ ಅದನ್ನು ಗದರುತ್ತಿದ್ದಳು. ಆದರೆ ಅದಕ್ಕೆ ವಿಭೂತಿ ಎಳೆದಿರಲಿಲ್ಲ. ನಾನು ಕೇಳಲಿಲ್ಲ.

ಆ ವಾರದ ಬುಧವಾರ ಊಟಕ್ಕೆ ಕೂತಾಗ ಹೇಳಿದಳು. "ಶನಿವಾರ ಕಳಸಕ್ಕೆ ಹೋಗ್ತೀನಿ. ಅಲ್ಲಿ ಬಚ್ಚಲೊಲೆ ಇದೆ, ಕಾಲಿಗೆ ಬೆಚ್ಚಗಾಗ್ತದೆ."

"ಇನ್ನೊಂದು ಮಳೆಗಾಲ ನೋಡ್ಕೊಂಡು..." ಎಂದು ಗಿರೀಶ ಶುರುಮಾಡಿದ.

"ಎಂತ ನೋಡ್ಕೊಳ್ಳೂದು? ಇದು ತನ್ನಷ್ಟಕ್ಕೆ ತಾನೇ ಓಡ್ತದೆ. ಐಸು ಕೂಡ ಕಟ್ಟಲ್ಲ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಕೆಲಸ ಮುಗಿದವರು ಹೇಳುವ ಹಾಗೆ ಹೇಳಿದಳು. ಮಾರನೆಯ ದಿನ ನಾನು ಗೇಟು ಹಾಕುತ್ತಿದ್ದಾಗ ಟೀಚರಮ್ಮ ಅವಳನ್ನು ಕೇಳುತ್ತಿದ್ದರು: "ಮಗನ ಮನೆ ಬಿಟ್ಟು ಯಾಕೆ ಹೋಗ್ತೀರಿ ಈ ಮಳೇಲಿ?"

"ಮಗನ ಮನೆ ಅಲ್ಲ ಟೀಚರೇ," ಎಂದಳು ಅತ್ತೆ. "ತಮ್ಮನ ಮಗಳ ಮನೆ. ಬಂದು ಬಹಳ ದಿನ ಆಯ್ತು."

ಆರು ವರ್ಷ ತಿದ್ದದೆ ಬಿಟ್ಟಿದ್ದನ್ನು ಅವಳು ಆ ದಿನ ತಿದ್ದಿದಳು. ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದಾಗ ನನಗೆ ಅರ್ಥವಾಯಿತು. ಮಗನ ಮನೆಯಲ್ಲಿ ಇರುವವಳಿಗೆ ಕಾರಣ ಬೇಕಿಲ್ಲ. ಅವಳಿಗಿದ್ದ ಕಾರಣವನ್ನು ನಾವು ಗಾಡಿಗೆ ಹಾಕಿ ಕಳಿಸಿದ್ದೆವು.

ನೀವು ಕೇಳಬಹುದು, ಇರು ಎಂದು ಹೇಳಿದ್ದರೆ ಆಗುತ್ತಿರಲಿಲ್ಲವೇ? ಎರಡಕ್ಷರ. ಆ ಎರಡು ದಿನ ಹತ್ತಾರು ಸಲ ಅಡುಗೆಮನೆಯವರೆಗೆ ಹೋಗಿ, ನೀರು ಕುಡಿದು ವಾಪಸ್ ಬಂದೆ. ನಮ್ಮ ಮನೆತನದಲ್ಲಿ ಯಾರೂ ಯಾರಿಗೂ ನೀನು ಬೇಕು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಬದಲಿಗೆ ಒಂದು ಕೆಲಸ ಹೇಳುತ್ತೇವೆ. ಹೇಳುವಂಥ ಕೆಲಸ ನನಗೆ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಬೆಲ್ಲದ ಡಬ್ಬಿ ತೆಗೆದರೆ ಬೆಲ್ಲ ಮೆತ್ತಗೆ ಪಾಕವಾಗಿತ್ತು. ಸ್ಟ್ಯಾಂಡಿನಲ್ಲಿ ಫ್ರಿಜ್ಜಿಗೆ ತಾಗಿಕೊಂಡಿದ್ದ ಡಬ್ಬಿ ಅದು. ಕೈ ಹಾಕಿ ನೋಡಿದೆ, ಫ್ರಿಜ್ಜಿನ ಪಕ್ಕದ ತಗಡು ಬಿಸಿಯಾಗಿತ್ತು. ನನ್ನ ತಲೆಗೆ ಬಂದದ್ದು ಬೆಂಕಿ ಅನಾಹುತ ಒಂದೇ. ಸ್ವಿಚ್ಚು ಆರಿಸಿ, ಕಂಪ್ಲೇಂಟು ಕೊಟ್ಟೆ. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಹಾಕಿ, ಬಿಸಿ ಏರುವುದನ್ನು ಕಾಯುತ್ತ ಕೂತೆ, ಬರುವವರಿಗೆ ತೋರಿಸಲು ಸಾಕ್ಷಿ ಬೇಕಲ್ಲ. ಹನ್ನೊಂದು ಗಂಟೆಗೆ ಮೆಕ್ಯಾನಿಕ್ ರಫೀಕ್ ಬಂದರು. ಕಳಸದ ಬಸ್ಸು ಒಂದು ಗಂಟೆಗೆ. ಅತ್ತೆಯ ಬ್ಯಾಗು ಬಾಗಿಲ ಬಳಿ ಇತ್ತು.

ರಫೀಕ್ ಪಕ್ಕದ ತಗಡಿನ ಮೇಲೆ ಕೈ ಇಟ್ಟು, ಗೋಡೆ ನೋಡಿ, ಸ್ಟ್ಯಾಂಡು ನೋಡಿದರು.

"ಕಂಪ್ಲೇಂಟಲ್ಲ ಅಕ್ಕ ಇದು. ಈಗಿನ ಫ್ರಿಜ್ಜಿಗೆ ಕಂಬಿ ಹಿಂದುಗಡೆ ಇರಲ್ಲ. ಎರಡೂ ಸೈಡಲ್ಲಿ, ತಗಡಿನ ಒಳಗೆ ಇರ್ತದೆ. ಬಿಸಿ ಅಲ್ಲಿಂದ್ಲೇ ಹೊರಗೆ ಹೋಗ್ಬೇಕು. ನೀವು ಈ ಕಡೆ ಗೋಡೆ, ಆ ಕಡೆ ಡಬ್ಬಿ ಇಟ್ಟು ಉಸಿರು ಕಟ್ಟಿಸಿದೀರಿ."

"ಯಾವಾಗ್ಲೂ ಹೀಗೇ ಬಿಸಿ ಇರ್ತದಾ?" ಎಂಬ ಪ್ರಶ್ನೆ ಬಂದದ್ದು ಬಾಗಿಲ ಕಡೆಯಿಂದ. ಅತ್ತೆ ಹೊರಡುವ ಸೀರೆ ಉಟ್ಟು ನಿಂತಿದ್ದಳು.

"ಬರ್ತಾ ಹೋಗ್ತಾ ಇರ್ತದಮ್ಮ. ಹೆದ್ರಬೇಡಿ."

"ಹೆದ್ರೂದು ಯಾರು?" ಎಂದು ಅತ್ತೆ ಒಳಗೆ ಬಂದಳು. ಮೊದಲು ಅಂಗೈ ಇಟ್ಟಳು. ಆಮೇಲೆ ಕೈ ತಿರುಗಿಸಿ, ಚಿಕ್ಕಂದಿನಲ್ಲಿ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದ ಹಾಗೆ, ಬೆರಳುಗಳ ಹಿಂಬದಿಯನ್ನು ತಗಡಿಗೆ ತಾಗಿಸಿದಳು.

"ಎಷ್ಟು ಜಾಗ ಬಿಡ್ಬೇಕು?"

"ನಾಲ್ಕು ಬೆರಳು ಬಿಟ್ರೆ ಸಾಕು."

"ಸಾಲೂದಿಲ್ಲ."

ಮೇಜಿನ ಕೆಳಗಿನಿಂದ ಕುಳ್ಳ ಸ್ಟೂಲನ್ನು ಕಾಲಿನಿಂದಲೇ ಎಳೆದು ಫ್ರಿಜ್ಜಿನ ಪಕ್ಕಕ್ಕೆ ತಂದಳು. ಅದು ಸ್ಟ್ಯಾಂಡಿಗೆ ತಗುಲಿ ನಿಂತಿತು. ಅಷ್ಟೆಲ್ಲ ಬೇಡಮ್ಮ ಎಂದು ರಫೀಕ್ ಹೇಳುತ್ತಲೇ ಇದ್ದರು. ಗಿರೀಶ ಸ್ಟ್ಯಾಂಡು ಸರಿಸಲೆಂದು ಅದರ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸತೊಡಗಿದ. ಆಗ ನನಗೆ ಕೆಲಸ ಹೊಳೆಯಿತು.

"ಇದನ್ನ ಓಡಿಸೂದು ನಮಗೆ ಗೊತ್ತಿಲ್ಲ ಅತ್ತೆ," ಎಂದೆ. "ನಾಲ್ಕೇ ದಿನದಲ್ಲಿ ಬೆಲ್ಲ ಕರಗಿಸಿದ್ವಿ."

"ಅದು ಕಾಣ್ತಾ ಇದೆ," ಎಂದಳು ಅತ್ತೆ.

ಬ್ಯಾಗಿನ ಜಿಪ್ಪು ಎಳೆದು, ಮೇಲೇ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಆ ಉಣ್ಣೆಯ ಕಾಲುಚೀಲಗಳಿದ್ದವು. ಒಣಗದೆ, ಹಾಗೇ ಕಟ್ಟಿಕೊಂಡು ಹೊರಟಿದ್ದಳು. ಹೊಸ ಫ್ರಿಜ್ಜಿಗೆ ಕಂಬಿಗಳಿಲ್ಲ. ಸ್ಟೂಲಿನ ಮೇಲೆ ಸ್ಟೀಲಿನ ಕೊಳಗ ಬೋರಲು ಹಾಕಿ, ಅದರ ಮೇಲೆ ಕಾಲುಚೀಲ ಹರಡಿ, ತಗಡಿಗೆ ತಾಗುವಂತೆ ಸರಿಸಿದಳು.

ಒಂದು ಗಂಟೆಯ ಬಸ್ಸು ಹಾರ್ನು ಹೊಡೆದುಕೊಂಡು ಹೋಯಿತು. ಎದುರು ಮನೆಯ ಕಿಟಕಿಯಿಂದ ಟೀಚರಮ್ಮ ಕೇಳಿದರು.

"ಬಸ್ಸು ಹೋಯ್ತಲ್ಲ, ಹೋಗ್ಲಿಲ್ವಾ?"

"ಎಂತ ಮಾಡೂದು ಟೀಚರೇ," ಎಂದಳು ಅತ್ತೆ ಒಳಗಿನಿಂದಲೇ. "ಸೊಸೆ ಬಿಡ್ಲಿಲ್ಲ."

ಆ ದಿನದ್ದನ್ನು ಪೂರ್ತಿಯಾಗಿ ಬರೆದಿಡಬೇಕು, ಮುಂದೆ ನನ್ನ ನೆನಪು ಯಾವುದಕ್ಕೋ ಹಳದಿ ಬಣ್ಣ ಬಳಿಯಬಾರದು ಎಂದುಕೊಂಡು ಡೈರಿ ತೆಗೆದೆ. ಡೈರಿ ಹೊಸ ಫ್ರಿಜ್ಜಿನ ನೆತ್ತಿಯ ಮೇಲಿತ್ತು. ಯಾವಾಗ ಎಳೆದಳೋ, ಫ್ರಿಜ್ಜಿಗೆ ಮೂರು ಬೆರಳಿನ ವಿಭೂತಿ ಬಂದಿತ್ತು. ಬಾಗಿಲ ಮೇಲಲ್ಲ, ಬಿಸಿಯಿರುವ ಪಕ್ಕದ ಮೇಲೆ. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಬರೆಯಲಾದದ್ದು ಎರಡೇ ಸಾಲು. ಇಪ್ಪತ್ತು ವರ್ಷದ ನಂತರ ಓದಿದರೆ ನನಗೇ ಏನೂ ತಿಳಿಯಲಿಕ್ಕಿಲ್ಲ ಎಂಬ ಭಯಕ್ಕೆ ಇಲ್ಲಿ ಇಷ್ಟುದ್ದ ಹೇಳಿದ್ದೇನೆ. ಡೈರಿಯಲ್ಲಿ ಇರುವುದು ಇಷ್ಟೆ:

"ಫ್ರಿಜ್ಜಿನ ಪಕ್ಕ ಬಿಸಿ. ಕಾಲುಚೀಲ ಒಣಗಿದೆ."